‘ನಾನು ಬರೆದದ್ದು ಸುಳ್ಳಲ್ಲವಲ್ಲ?’

ಈ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ಆನ್‌ಲೈನ್ ಬಳಗದಲ್ಲಿ ಯಾರದೋ ಗುಟ್ಟು ಬಿಚ್ಚಿಟ್ಟು, ಉಳಿದವರೆಲ್ಲ ಮುಖ ತಿರುಗಿಸಿಕೊಂಡ ಮೇಲೆ ನನ್ನ ಬಳಿ ಆಪ್ತ ಸಮಾಲೋಚನೆಗೆ ಬರುವವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳುವುದು ಇದನ್ನೇ. ಈ ಪ್ರಕರಣ ವಿಕಿಪೀಡಿಯದ್ದು. ಬಂದವರ ಒಪ್ಪಿಗೆ ಪಡೆದು, ಗುರುತಾಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಜಗಳ ಯಾವ ಲೇಖನದ ಮೇಲೆ ಎಂಬುದನ್ನಂತೂ ಹೇಳುವುದಿಲ್ಲ.

ಐವತ್ತು ದಾಟಿದವರು. ಎಂಟೊಂಬತ್ತು ವರ್ಷಗಳಿಂದ ಅಲ್ಲಿ ಅಡ್ಡಹೆಸರಿನಲ್ಲಿ ಸಂಪಾದನೆ, ಅಂದರೆ ಲೇಖನ ಬರೆದು ತಿದ್ದುವ ಕೆಲಸ, ಮಾಡುತ್ತಿದ್ದರು. ಇನ್ನೊಬ್ಬ ಸಂಪಾದಕರ ಜೊತೆ ಜಟಾಪಟಿ ಶುರುವಾಯಿತು. ಇವರು ಬರೆದದ್ದನ್ನು ಅವರು ತೆಗೆಯುವುದು, ಅವರದ್ದನ್ನು ಇವರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟವನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ರಿವರ್ಟ್ ಮಾಡಿದರೆ, ಅಂದರೆ ಬೇರೆಯವರ ಬದಲಾವಣೆ ರದ್ದು ಮಾಡಿದರೆ, ಬ್ಲಾಕ್ ಬೀಳಬಹುದು; ಮತ್ತೆ ತಿದ್ದಲು ಬಿಡುವುದಿಲ್ಲ. ಇವರು ಎಣಿಸಿಕೊಂಡು ಮೂರಕ್ಕೇ ನಿಲ್ಲಿಸುತ್ತಿದ್ದರಂತೆ. ಆಮೇಲೆ ಎದುರಾಳಿ ಯಾರೆಂದು ಹುಡುಕಲು ಕೂತರು. ಹಳೆಯ ಸಂಪಾದನೆಗಳು, ಅಪ್‌ಲೋಡ್ ಆದ ಫೋಟೊಗಳಲ್ಲಿ ಉಳಿದಿದ್ದ ಜಾಗದ ಮಾಹಿತಿ, ಬೇರೆ ತಾಣದಲ್ಲಿ ಅದೇ ಅಡ್ಡಹೆಸರು. ಮೂರು ರಾತ್ರಿ ಸಾಕಾಯಿತು. ‘ಇವರು ಇಂಥವರು, ಇಂಥ ಸಂಸ್ಥೆಯ ನೌಕರರು, ಅದಕ್ಕೇ ಈ ಲೇಖನ ತಿದ್ದುತ್ತಿದ್ದಾರೆ’ ಎಂದು ಎಲ್ಲರಿಗೂ ಕಾಣುವ ಚರ್ಚೆ ಪುಟದಲ್ಲಿ ಬರೆದುಬಿಟ್ಟರು. ಗಂಟೆಯೊಳಗೆ ಬರೆದದ್ದು ಮಾಯ, ಇವರು ಬ್ಲಾಕ್. ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು.

ಮೊದಲ ಎರಡು ಭೇಟಿ ಪೂರ್ತಿ ವಾದದಲ್ಲೇ ಕಳೆಯಿತು. ಸಂಸ್ಥೆಯವರು ತಮ್ಮ ಸಂಸ್ಥೆಯ ಲೇಖನವನ್ನು ಗುಟ್ಟಾಗಿ ತಿದ್ದುವುದು ತಪ್ಪಲ್ಲವೇ? ತಪ್ಪೇ, ಅದಕ್ಕೂ ಅಲ್ಲಿ ನಿಯಮಗಳಿವೆ. ಆದರೆ ಅಂಥ ಅನುಮಾನಕ್ಕೆ ಪುರಾವೆ ಸಿಕ್ಕಿದರೆ ಗೋಪ್ಯವಾಗಿ ಮೇಲ್ ಮೂಲಕ ಸಂಬಂಧಪಟ್ಟವರಿಗೆ ಕಳಿಸುವ ದಾರಿಯೂ ಇದೆ. ಅದು ಇವರಿಗೂ ಗೊತ್ತಿತ್ತು. ನನಗೆ ಅದನ್ನು ಹೇಳಿಕೊಟ್ಟವರೇ ಇವರು!

ಮೂರನೆಯ ಭೇಟಿಯಲ್ಲಿ ಲ್ಯಾಪ್‌ಟಾಪ್ ತರಲು ಹೇಳಿದೆ. ಪ್ರತಿ ಸದಸ್ಯರ ಪ್ರತಿಯೊಂದು ಸಂಪಾದನೆಯೂ ದಿನಾಂಕ, ಗಂಟೆ, ನಿಮಿಷದ ಸಮೇತ ಒಂದು ಪಟ್ಟಿಯಲ್ಲಿ ಇರುತ್ತದೆ. ಯಾರು ಬೇಕಾದರೂ ನೋಡಬಹುದು. ಕನ್ನಡ ವಿಕಿಪೀಡಿಯದಲ್ಲಿ ಅದಕ್ಕೆ ‘ಕಾಣಿಕೆಗಳು’ ಎಂದು ಹೆಸರು. (ಯಾರು ಇಟ್ಟರೋ, ಚೆಂದದ ಹೆಸರು.) ಎದುರಾಳಿಯದ್ದು ಬೇಡ, ನಿಮ್ಮದೇ ಪಟ್ಟಿ ತೆಗೆಯಿರಿ ಎಂದೆ. ಹಿಂದಕ್ಕೆ ಹೋಗುತ್ತಾ ಹೋದರು. ಎರಡು ವರ್ಷದ ಹಿಂದಿನ ಒಂದು ತಿಂಗಳಲ್ಲಿ ನಾನು ಬೆರಳಿಟ್ಟು ನಿಲ್ಲಿಸಿದೆ. ಅಲ್ಲಿಯವರೆಗೆ ಸಂಜೆ ಮಾತ್ರ ಇದ್ದ ಸಂಪಾದನೆಗಳು ಇದ್ದಕ್ಕಿದ್ದಂತೆ ರಾತ್ರಿ ಎರಡು, ಮೂರು, ನಾಲ್ಕು ಗಂಟೆಗೆ. ಎಲ್ಲ ಸಣ್ಣಪುಟ್ಟವು: ಅಲ್ಪವಿರಾಮ, ಕಾಗುಣಿತ. ಹೀಗೆ ಐದು ವಾರ. ನಂತರ ಹನ್ನೆರಡು ದಿನ ಖಾಲಿ. ಆಮೇಲೆ ಮತ್ತೆ ಸಂಜೆ.

“ಇದೇನು?” ಎಂದೆ.

ತುಂಬ ಹೊತ್ತು ಮಾತಾಡಲಿಲ್ಲ. “ಅಮ್ಮ ಆಸ್ಪತ್ರೆಯಲ್ಲಿದ್ದರು. ರಾತ್ರಿ ಪಾಳಿ ನನ್ನದು.”

“ಖಾಲಿ ದಿನಗಳು?”

ಉತ್ತರ ಬರಲಿಲ್ಲ.

“ನಿಮ್ಮ ಮೇಲೆ ಸಿಟ್ಟಿದ್ದವರು ಇದನ್ನು ಲೆಕ್ಕ ಹಾಕಿ, ಚರ್ಚೆ ಪುಟದಲ್ಲಿ ಬರೆದಿದ್ದರೆ? ಸುಳ್ಳಂತೂ ಆಗುತ್ತಿರಲಿಲ್ಲ.”

ಕಠಿಣವಾಗಿ ಹೇಳಿದೆನೇ? ಹೌದು. ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ದುಃಖವನ್ನು ಹೀಗೆ ಆಯುಧ ಮಾಡಿಕೊಳ್ಳಬಾರದಿತ್ತು ಎಂದರು. ನಾನು ಒಪ್ಪುವುದಿಲ್ಲ. ನಿಜ ಹೇಳಿದೆ ಎಂಬ ಹೆಮ್ಮೆಯಲ್ಲಿ ಕೂತವರಿಗೆ ನೀತಿಪಾಠ ತಟ್ಟುವುದಿಲ್ಲ. ತಮ್ಮದೇ ನಿಜ ಬೇರೆಯವರ ಕೈಗೆ ಸಿಕ್ಕರೆ ಹೇಗಿರುತ್ತದೆಂದು ಒಮ್ಮೆ ಗೊತ್ತಾಗಬೇಕು. ಅಲ್ಲಿನ ನಿಯಮವೂ ಹೇಳುವುದು ಅದನ್ನೇ. ಸದಸ್ಯರೇ ಅಲ್ಲಿ ಬಹಿರಂಗಪಡಿಸಿರದಿದ್ದರೆ, ಅವರ ಹೆಸರು, ಉದ್ಯೋಗ, ವಿಳಾಸ ಇತ್ಯಾದಿ ಹೊರಹಾಕುವುದು ಕಿರುಕುಳ. ಊಹೆ ಸರಿಯೋ ತಪ್ಪೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಅವರು ಪಟ್ಟಿಯನ್ನು ಮತ್ತೆ ಮೇಲಕ್ಕೆ ತಂದರು. ಕೊನೆಯ ವಾರದಲ್ಲಿ ಒಂದು ಸಾಲಿನ ಮೇಲೆ ಕೈ ನಿಂತಿತು. “ಇನ್ನೊಂದು ಕಡೆ ಇದೆ ಮೇಡಂ. ಯಾರೂ ನೋಡಿಲ್ಲ.” ಬೇರೊಂದು ಪುಟ ತಿದ್ದುವಾಗ, ಏಕೆ ತಿದ್ದಿದೆ ಎಂದು ಚುಟುಕಾಗಿ ಬರೆಯುವ ಸಾರಾಂಶದಲ್ಲೂ ಎದುರಾಳಿಯ ಆ ಹೆಸರು ಹಾಕಿದ್ದರು. ಒಮ್ಮೆ ಉಳಿಸಿದ ಸಾರಾಂಶವನ್ನು ಬರೆದವರು ತಿದ್ದಲಾಗದು.

ಸಲಹೆ ಅಲ್ಲಿಂದಲೇ ಶುರುವಾಯಿತು. ಇವತ್ತೇ ಓವರ್‌ಸೈಟ್ ತಂಡಕ್ಕೆ (ಖಾಸಗಿ ಮಾಹಿತಿಯನ್ನು ಪೂರ್ತಿ ಮುಚ್ಚುವ ಅಧಿಕಾರವಿರುವವರು) ಮೇಲ್ ಮಾಡಿ, ಆ ಸಾಲಿನ ಕೊಂಡಿ ಕೊಟ್ಟು, ಮುಚ್ಚಿ ಎಂದು ಕೇಳಿ. ಪುಟವನ್ನು ಹಿಂದಿನ ರೂಪಕ್ಕೆ ತಂದರೂ ಅದರ ಹಳೆಯ ಆವೃತ್ತಿಗಳ ಇತಿಹಾಸದಲ್ಲಿ ಎಲ್ಲ ಉಳಿದಿರುತ್ತದೆ. ನಿರ್ವಾಹಕರು ಮರೆಮಾಡಿದ್ದನ್ನು ಉಳಿದ ನಿರ್ವಾಹಕರು ನೋಡಬಹುದು. ಓವರ್‌ಸೈಟ್ ಆದದ್ದು ಅವರಿಗೂ ಕಾಣದು. ಅಂಥ ತಂಡವಿಲ್ಲದ ಸಣ್ಣ ವಿಕಿಗಳಲ್ಲಿ, ಎಲ್ಲ ವಿಕಿಗಳಿಗೂ ಸಂಬಂಧಿಸಿದ ಅಧಿಕಾರವಿರುವ ಸ್ಟೀವರ್ಡ್‌ಗಳು ಈ ಕೆಲಸ ಮಾಡುತ್ತಾರೆ. ಸಾರ್ವಜನಿಕ ಪುಟದಲ್ಲಿ ‘ದಯವಿಟ್ಟು ಅಳಿಸಿ’ ಎಂದು ಕೇಳಬೇಡಿ, ಡಂಗುರ ಹೊಡೆದಂತಾಗುತ್ತದೆ. ನನ್ನ ಮುಂದೆಯೇ ಮೇಲ್ ಬರೆದರು.

ಅವರು ಕ್ಷಮೆ ಕೇಳಲು ಹೊರಟಾಗ ತಡೆದೆ. ಇದಕ್ಕೆ ನನ್ನನ್ನು ಬೈಯುವವರಿದ್ದಾರೆ. ಆದರೆ ಎದುರಿನವರ ಚರ್ಚೆ ಪುಟದಲ್ಲಿ ‘ನಿಮ್ಮ ಗುರುತು ಬಯಲು ಮಾಡಿದ್ದಕ್ಕೆ ಕ್ಷಮಿಸಿ’ ಎಂದು ಬರೆದರೆ, ಊಹೆ ನಿಜವೆಂದು ತಾವೇ ಮುದ್ರೆ ಒತ್ತಿದಂತೆ. ಹುಡುಕಿ ಮೇಲ್ ಕಳಿಸಿದರೆ, ‘ನೀವೆಲ್ಲಿದ್ದೀರೆಂದು ನನಗೆ ಗೊತ್ತು’ ಎಂದು ಮತ್ತೊಮ್ಮೆ ಹೇಳಿದಂತೆ. ಇವರ ಎದೆ ಹಗುರವಾಗಲು ಇನ್ನೊಬ್ಬರು ಮತ್ತೆ ಹೆದರಬೇಕೇ? ನಾನು ಆ ಇನ್ನೊಬ್ಬರನ್ನು ಕಂಡಿಲ್ಲ, ಕಾಣುವುದೂ ಇಲ್ಲ. ನನ್ನ ಕೋಣೆಗೆ ಬಾರದವರ ಪರವಾಗಿಯೂ ನಾನು ಯೋಚಿಸಬೇಕಾಗುತ್ತದೆ.

ಬ್ಲಾಕ್ ಆದವರಿಗೆ ಸಾಮಾನ್ಯವಾಗಿ ತಮ್ಮದೇ ಚರ್ಚೆ ಪುಟದಲ್ಲಿ ಮನವಿ ಬರೆಯಲು ಅವಕಾಶವಿರುತ್ತದೆ. ಇವರ ಮೊದಲ ಕರಡು ಮೂರು ಪುಟ. ಎರಡೂವರೆ ಪುಟ ಎದುರಿನವರ ತಪ್ಪುಗಳು. ಕೊನೆಗೆ ನಾಲ್ಕು ಸಾಲು ಉಳಿಯಿತು: ಏನು ಮಾಡಿದೆ, ಏಕೆ ತಪ್ಪು, ಇನ್ನು ಮಾಡುವುದಿಲ್ಲ, ಆ ಲೇಖನ ಮುಟ್ಟುವುದಿಲ್ಲ. ಹೆಸರಿಲ್ಲ, ಸಂಸ್ಥೆಯಿಲ್ಲ.

ಮನವಿ ಇನ್ನೂ ತೀರ್ಮಾನವಾಗಿಲ್ಲ. ನಿದ್ದೆ ಪರವಾಗಿಲ್ಲವಂತೆ. ಕಳೆದ ಭೇಟಿಯಲ್ಲಿ ಬಾಗಿಲ ಬಳಿ ನಿಂತು ಕೇಳಿದರು: “ಅವರು ವಾಪಸ್ ಬಂದಿದ್ದಾರಾ ಅಂತ ಅವರ ಪಟ್ಟಿ ಒಂದು ಸಲ ನೋಡಲಾ?”

ಬೇಡ ಎಂದೆ.