ಬೆಂಗಳೂರಿನಲ್ಲೇ ಬಿಡಿಭಾಗ ಕೂಡಿಸಿ ಬೇಸ್ ಗಿಟಾರ್ ಕಟ್ಟಬೇಕು. ಮೊದಲು ಏನು ಕೊಳ್ಳಲಿ?

ಮೊದಲು ನೆಕ್ ಕೊಳ್ಳಿ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಆರಿಸಿಟ್ಟಿದ್ದೀನಿ, ಗಿಟಾರಿನ ಬಾಡಿ ಮಾಡಲು ತೇಗ ನೋಡ್ತಿದ್ದೀನಿ, ನೆಕ್ ಕೊನೆಗೆ ಅಂತ ಬರೆದಿದ್ದೀರಲ್ಲ, ಆ ಕ್ರಮವನ್ನು ತಲೆಕೆಳಗು ಮಾಡಿ. ನಾನೂ ನಾಲ್ಕು ತಂತಿಯದೊಂದನ್ನು ಹೀಗೇ ಕೂಡಿಸಿಕೊಂಡಿದ್ದೇನೆ. ಮಿಕ್ಕ ಅಳತೆಗಳೆಲ್ಲ ನೆಕ್‌ನಿಂದಲೇ ಹುಟ್ಟುತ್ತವೆ.

1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನ ಸ್ಕೇಲ್ (ತಂತಿಯ ಮಿಡಿಯುವ ಭಾಗದ ಉದ್ದ) 34 ಇಂಚು, ಅಂದರೆ 863.6 ಮಿ.ಮೀ. ಇವತ್ತಿಗೂ ಬಹುಪಾಲು ಬೇಸ್‌ಗಳದ್ದು ಅದೇ. ನೆಕ್ ಕೈಗೆ ಬಂದ ಕೂಡಲೇ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಷ್ಟು ಮಾಡಿ. ಈ ಲೆಕ್ಕ ಬರದಿದ್ದರೆ ಮಾರಿದವರು ಏನೇ ಹೇಳಲಿ, ಅದು 34 ಅಲ್ಲ. ನೆಕ್ ಬುಡದ ಅಗಲ ಫೆಂಡರ್ ಮಾದರಿಯಲ್ಲಿ ಸುಮಾರು 63.5 ಮಿ.ಮೀ. ಇರುತ್ತದೆ, ಆದರೂ ವರ್ನಿಯರ್ ಹಿಡಿದು ನೀವೇ ಅಳೆದು ಅದಕ್ಕೆ ತಕ್ಕ ಹಾಗೆ ಬಾಡಿ ಕೊರೆಸಿ. ತಂತಿ ಬಿಗಿಯುವ ಟ್ಯೂನರ್ ಕೊಳ್ಳುವುದು ಕೂಡ ನೆಕ್ ತುದಿಯ ಹೆಡ್‌ಸ್ಟಾಕ್‌ನ ತೂತು ಅಳೆದ ಮೇಲೆಯೇ. ತೂತು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ತಲೆನೋವು. ನೆಕ್ ಒಳಗಿದ್ದು ಅದರ ಬಾಗು ಸರಿಪಡಿಸುವ ಟ್ರಸ್ ರಾಡ್ ಎರಡೂ ದಿಕ್ಕಿಗೆ ಕೆಲಸ ಮಾಡುವಂಥದ್ದೇ ಆಗಲಿ. ನಮ್ಮೂರಿನ ಮಾರ್ಚ್ ತಿಂಗಳ ಒಣಹವೆಗೂ ಆಷಾಢದ ತೇವಕ್ಕೂ ಮರ ಒಂದೇ ಥರ ನಿಲ್ಲುವುದಿಲ್ಲ.

ನೆಕ್ ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಎಲ್ಲ ಸೇರಿಸಿ ನೋಡಿ. ದುಡ್ಡಿನಲ್ಲಿ ದೊಡ್ಡ ಪಾಲು ನೆಕ್ ಮೇಲೇ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಕೈಗೆ ತಾಗುವುದು ನೆಕ್ ತಾನೇ.

ಬಾಡಿಯ ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋಗಿ. ತೇಗ ಬೇಡ ಅನ್ನಲಾರೆ. ಎಣ್ಣೆಯಂಶ ಇರುವ ಮರ, ಹಲಗೆ ಜೋಡಿಸುವ ಮುಂಚೆ ಅಂಚನ್ನು ಥಿನ್ನರ್‌ನಲ್ಲಿ ಒರೆಸದಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ವೀಣೆಗೆ ಬಳಸುವ ಹಲಸೂ ಆದೀತು. ಬೀಟೆ ನೋಡಲು ಚಂದ, ಹೆಗಲಿಗೆ ಶಿಕ್ಷೆ. ಯಾವುದಾದರೂ ಸರಿ, ಚೆನ್ನಾಗಿ ಒಣಗಿರಬೇಕು, ಕೀಸಿದ ಮೇಲೆ 44–45 ಮಿ.ಮೀ. ದಪ್ಪ ಉಳಿಯಬೇಕು. ಕೊರೆಯುವುದಕ್ಕೆ ಪೀಣ್ಯದ ಕಡೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಜಾಲಿ ಕಟಿಂಗ್ ಮಾಡುವವರನ್ನು ಕೇಳಿ. ಮೊದಲು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡೊಂದರಲ್ಲಿ ನೆಕ್ ಕೂರುವ ಜಾಗ ಮಾತ್ರ ಕೊರೆಸಿ, ಬಿಗಿಯಾಗಿ ಕೂತರೆ ಆಮೇಲೆ ಮರಕ್ಕೆ ಕೈ ಹಾಕಿ. ಬಣ್ಣಕ್ಕೆ ಕಾರ್ ಪೇಂಟಿಂಗ್‌ನವರು ಸಾಕು.

ಪಿಕಪ್ ವಿಷಯಕ್ಕೆ ಬಂದರೆ, ಮೊದಲ ಬೇಸ್‌ಗೆ ಪ್ರಿಸಿಷನ್ ಮಾದರಿಯದೇ ಒಳ್ಳೆಯದು. 1957ರಿಂದ ಅದು ಎರಡು ತುಂಡಿನ ಪಿಕಪ್, ಒಂದರ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತದೆ. ಫೆಂಡರ್ ಕಂಪನಿಯದೇ ಇನ್ನೊಂದು ಮಾದರಿ ಜಾಝ್ ಬೇಸ್‌ನ ಎರಡು ಪಿಕಪ್‌ಗಳಲ್ಲಿ ಒಂದರ ವಾಲ್ಯೂಮ್ ತಗ್ಗಿಸಿದರೆ ಸದ್ದು ಮತ್ತೆ ತಲೆ ಎತ್ತುತ್ತದೆ. ಮನೆಯಲ್ಲಿ ಯುಪಿಎಸ್ ಪಕ್ಕ ಕೂತು ನುಡಿಸಿ ನೋಡಿ, ಗೊತ್ತಾಗುತ್ತದೆ.

ವೈರಿಂಗ್ ಸಾಮಾನಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡ್ ಇರುವಾಗ ಆನ್‌ಲೈನ್ ಕಿಟ್ ಯಾಕೆ? ಗಿಟಾರ್‌ಗೆ ಅನ್ನಬೇಡಿ, 250ಕೆ ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಪೊಟೆನ್ಷಿಯೋಮೀಟರ್), 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಕಾಲಿಂಚಿನ ಮೋನೋ ಜಾಕ್, ತಾಮ್ರದ ಟೇಪ್ ಅಂತ ಹೆಸರು ಹಿಡಿದು ಕೇಳಿ. ಅಂಗಡಿಯವರು 220ಕೆ ಕೊಟ್ಟರೆ ಧಾರಾಳವಾಗಿ ತಗೊಳ್ಳಿ. 250ಕೆ ಅಂತ ಬರೆದ ಪಾಟೇ ಶೇ. 20ರಷ್ಟು ಆಚೀಚೆ ಇರಬಹುದು, ಅಂದರೆ 200ರಿಂದ 300ರ ನಡುವೆ ಎಲ್ಲಾದರೂ. ನಾಬ್‌ಗಳನ್ನು ಪಾಟ್‌ನ ಕಡ್ಡಿಗೆ ಸಿಕ್ಕಿಸಿ ನೋಡಿಯೇ ದುಡ್ಡು ಕೊಡಿ, 6 ಮಿ.ಮೀ. ಕಡ್ಡಿಯ ನಾಬ್ ಕಾಲಿಂಚಿನ ಕಡ್ಡಿಗೆ ಹೊಂದುವುದಿಲ್ಲ. ಬಾಡಿಯ ಮೇಲೆ ತಂತಿ ಹಿಡಿದಿಡುವ ಬ್ರಿಡ್ಜ್‌ನಿಂದ ಪಾಟ್‌ನ ಬೆನ್ನಿಗೆ ಒಂದು ಅರ್ಥ್ ವೈರ್ ಮರೆಯಬೇಡಿ.

ಬ್ರಿಡ್ಜ್‌ನ ಸ್ಕ್ರೂ ತೂತು ಮಾತ್ರ ಕಟ್ಟಕಡೆಗೆ, ನೆಕ್ ಬಿಗಿದಾದ ಮೇಲೆ. ನೆಕ್‌ನ ಎರಡು ಅಂಚಿಗೂ ದಾರ ಎಳೆದು ಹಿಡಿದು ಬ್ರಿಡ್ಜ್ ನಡುವೆ ಕೂರುತ್ತದಾ ನೋಡಿ. ಜಿ ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಅನ್ನು ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದು ನಟ್‌ನಿಂದ 863.6 ಮಿ.ಮೀ. ದೂರಕ್ಕೆ ನಿಲ್ಲಿಸಿ ಗುರುತು ಹಾಕಿ. ದಪ್ಪ ಇ ತಂತಿಯ ಸ್ಯಾಡಲ್ ಟ್ಯೂನ್ ಮಾಡುವಾಗ ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ, ಅದಕ್ಕೆ ಜಾಗ ಇರಲಿ.