ಪರಂಗಿ ಸೋಪಿನಲ್ಲಿ ಎಂಜೈಮ್ ಉಳಿಯಲ್ಲ

ಅಕ್ಕಾ, ತೋಟದ ಪರಂಗಿ ಹಣ್ಣು ರುಬ್ಬಿ ಸೋಪಿಗೆ ಹಾಕಿದರೆ ಸತ್ತ ಚರ್ಮ ತೆಗೆಯೋ ಎಂಜೈಮ್ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುವುದಿಲ್ಲ. ಬಣ್ಣ ಬರಬಹುದು, ಅಷ್ಟೇ.

ಆ ಎಂಜೈಮ್‌ನ ಹೆಸರು ಪಪೈನ್. ಅದಿರುವುದು ಕಾಯಿಯ ಹಾಲಿನಲ್ಲಿ. ಕಾಯಿ ಹಣ್ಣಾಗುತ್ತಾ ಹಾಲು ಬತ್ತುತ್ತದೆ, ಪಪೈನೂ ಕಮ್ಮಿಯಾಗುತ್ತದೆ. ಮಟನ್ ಮೆತ್ತಗಾಗಲಿ ಅಂತ ಹಾಕುವುದೂ ಕಾಯಿಯನ್ನೇ ಅಲ್ವಾ?

ಹಾಗಂತ ಕಾಯಿ ಹಾಕಿದರೂ ಉಪಯೋಗವಿಲ್ಲ. ಪಪೈನ್ ಬಿಸಿಗೆ ಅಷ್ಟು ಬೇಗ ಬಗ್ಗಲ್ಲ, 60 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಅದನ್ನು ಕೆಡಿಸುವುದು ಸೋಪು ಮಾಡಲು ಬಳಸುವ ಕಾಸ್ಟಿಕ್ ಸೋಡಾ. ಪಪೈನ್‌ಗೆ ಒಗ್ಗುವ ಪಿಎಚ್ (ಹುಳಿ-ಕ್ಷಾರದ ಅಳತೆ) 6-7ರ ಆಸುಪಾಸು. ಕಾಸ್ಟಿಕ್ ನೀರಿನದು 13 ದಾಟಿರುತ್ತದೆ, ಒಣಗಿ ಕೂತ ಸೋಪಿನದೂ 9-10. ಜೊತೆಗೆ ಪಪೈನ್ ಕತ್ತರಿಸುವುದು ಪ್ರೋಟೀನನ್ನು, ಅದೂ ಒಂದು ಪ್ರೋಟೀನೇ. ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಜಪಾನಿನ ಎಂಜೈಮ್ ಫೇಸ್‌ವಾಶ್‌ಗಳು ಪುಡಿಯ ರೂಪದಲ್ಲಿ ಬರುವುದು ಸುಮ್ನೆ ಅಲ್ಲ.

ನೀವೂ ಪುಡಿಯನ್ನೇ ಮಾಡಿ. ಕಾಸ್ಮೆಟಿಕ್ ಗ್ರೇಡ್ ಪಪೈನ್ ತಂದು ಅಕ್ಕಿಹಿಟ್ಟು ಅಥವಾ ಕೇಯೊಲಿನ್ ಎಂಬ ಬಿಳಿ ಮಣ್ಣಿನ ಜೊತೆ ಬೆರೆಸಿ. ಕಡಲೆಹಿಟ್ಟು, ಹಾಲಿನ ಪುಡಿ ಬೇಡ. ಅವುಗಳಲ್ಲಿ ಪ್ರೋಟೀನ್ ಜಾಸ್ತಿ, ನೀರು ಬಿದ್ದ ಕೂಡಲೇ ಪಪೈನ್ ಮುಖ ಬಿಟ್ಟು ಅವುಗಳ ಮೇಲೆ ಬೀಳುತ್ತದೆ! ಒಂದೊಂದು ಪುಡಿಯ ಶಕ್ತಿ ಒಂದೊಂದು ಥರ, ಹಾಗಾಗಿ ಎಷ್ಟು ಹಾಕಬೇಕು ಅನ್ನುವುದನ್ನು ಮಾರುವವರು ಕೊಡುವ ಚೀಟಿ ನೋಡಿಯೇ ತೀರ್ಮಾನಿಸಿ. ಬೆರೆಸುವಾಗ ಮಾಸ್ಕ್ ಇರಲಿ. ಈ ಧೂಳು ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಬಳಸುವಾಗ ಅಂಗೈಯಲ್ಲಿ ನೀರು ಬೆರೆಸಿ, ಹಚ್ಚಿ, ಒಂದೆರಡು ನಿಮಿಷಕ್ಕೆ ತೊಳೆದುಬಿಡಿ.

ತಂದ ಪಪೈನ್‌ಗೆ ಜೀವ ಇದೆಯೋ ಇಲ್ಲವೋ ನೋಡಲು ಜೆಲಾಟಿನ್ ಜೆಲ್ಲಿ ಸಾಕು. ಮೇಲೆ ಚಿಟಿಕೆ ಪುಡಿ, ನಾಲ್ಕು ಹನಿ ನೀರು ಹಾಕಿಡಿ. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ನೀರಾದರೆ ಜೀವ ಇದೆ. ಕಡಲಪಾಚಿಯಿಂದ ಮಾಡುವ ಅಗರ್ ಜೆಲ್ಲಿಯಲ್ಲಿ ಇದು ಗೊತ್ತಾಗಲ್ಲ, ಅದರಲ್ಲಿ ಪ್ರೋಟೀನ್ ಇಲ್ಲ.

ಕಾಯಿಯ ಹಾಲನ್ನು ನೇರವಾಗಿ ಮುಖಕ್ಕೆ ಹಚ್ಚುವ ವಿಡಿಯೋ ನೋಡಿ ಮರುಳಾಗಬೇಡಿ. ಕಾಯಿ ಕೊಯ್ಯುವವರ ಬೆರಳು ಸುಲಿಯುವುದು ಅದರಿಂದಲೇ. ಅಲರ್ಜಿಯೂ ನಿಜವಾದ ಅಪಾಯ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅನುಮತಿಯಿಲ್ಲದೆ ಮಾರುತ್ತಿದ್ದ ಪಪೈನ್ ಮುಲಾಮುಗಳನ್ನು ನಿಲ್ಲಿಸಿದ್ದಕ್ಕೆ ತೀವ್ರ ಅಲರ್ಜಿಯ ದೂರುಗಳೇ ಒಂದು ಕಾರಣ. ರಬ್ಬರ್ ಗ್ಲೌಸ್ ಆಗದವರು ಪಪೈನ್ ತಂಟೆಗೇ ಹೋಗಬಾರದು. ಉಳಿದವರು ಬೆರೆಸಿದ ಪುಡಿಯನ್ನು ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ ಒಂದು ದಿನ ಕಾಯಿರಿ.

ಈಗಾಗಲೇ ಪರಂಗಿ ಸೋಪು ಮಾಡಿಟ್ಟಿದ್ದರೆ ಬಿಸಾಡಬೇಡಿ, ಮನೆಯಲ್ಲಿ ಬಳಸಿ. ಯಾರಿಗಾದರೂ ಕೊಟ್ಟರೂ ಲೇಬಲ್‌ನಲ್ಲಿ ‘ಎಂಜೈಮ್’ ಅಂತ ಬರೆಯಬೇಡಿ.