ಜುಲೈ ಪಟ್ಟಿ, ನವೆಂಬರ್ ಪ್ರಶಸ್ತಿ: ಬೇಸ್‌ಬಾಲ್ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಾಲ್ಕೈದು ಕನ್ನಡ ಕುಟುಂಬದವರು ನಾವು. ಹಲವು ವರ್ಷ ಓಕ್ಲೆಂಡ್‌ಗೆ ಒಟ್ಟಾಗಿ ಹೋಗಿ ಅಥ್ಲೆಟಿಕ್ಸ್ ತಂಡದ ಪಂದ್ಯ ನೋಡುತ್ತಿದ್ದೆವು. 2024ರ ಸೀಸನ್ ಮುಗಿದ ಮೇಲೆ ತಂಡ ಸ್ಯಾಕ್ರಮೆಂಟೊ ಕಡೆಗೆ ಹೋಯಿತು. ಆದರೂ ನಮ್ಮ ಹಳೆಯ ರೂಢಿಯೊಂದು ಉಳಿದುಕೊಂಡಿದೆ: ಜುಲೈನ ಆಲ್‌ಸ್ಟಾರ್ ವಿರಾಮದ (ತಾರೆಯರ ಪಂದ್ಯಕ್ಕಾಗಿ ಸೀಸನ್ ನಡುವೆ ಕೊಡುವ ಬಿಡುವು) ಹೊತ್ತಿಗೆ ಪ್ರಶಸ್ತಿಗಳು ಯಾರಿಗೆ ಸಲ್ಲಬೇಕೆಂದು ಪ್ರತಿಯೊಬ್ಬರೂ ಬರೆದಿಡುತ್ತೇವೆ. 2025ರ ಅಮೆರಿಕನ್ ಲೀಗ್‌ಗೆ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು; ಇನ್ನೊಂದು ನ್ಯಾಷನಲ್ ಲೀಗ್) ನಾನು ಬರೆದದ್ದು: ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಕ್ಯಾಲ್ ರಾಲಿ, ವರ್ಷದ ಹೊಸಬ ಜೇಕಬ್ ವಿಲ್ಸನ್, ವರ್ಷದ ಮ್ಯಾನೇಜರ್ (ತಂಡದ ಮುಖ್ಯ ತರಬೇತುದಾರ) ಎ.ಜೆ. ಹಿಂಚ್. ಮೂರೂ ತಪ್ಪಿದವು. ಸೀಸನ್ ಮಧ್ಯದಲ್ಲಿ ಇಂಥ ಪಟ್ಟಿ ಮಾಡುವುದರಲ್ಲಿ ಏನಾದರೂ ಅರ್ಥವಿದೆಯೇ?

ಉತ್ತರ: ಖಂಡಿತ ಇದೆ. ಆದರೆ ಒಂದೇ ಹಾಳೆಯಲ್ಲಿ ನೀವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ಇಲ್ಲಿಯವರೆಗೆ ಯಾರು ಅತ್ಯುತ್ತಮವಾಗಿ ಆಡಿದ್ದಾರೆ ಎಂಬುದು ಮೊದಲನೆಯ ಪ್ರಶ್ನೆ. ನವೆಂಬರ್‌ನಲ್ಲಿ ಪ್ರಶಸ್ತಿ ಯಾರ ಕೈಸೇರುತ್ತದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಜುಲೈನಲ್ಲಿಯೇ ಸಿಗುತ್ತದೆ, ಯಾಕೆಂದರೆ ಆಡಿದ ಆಟ ಕಣ್ಣ ಮುಂದಿದೆ. ಎರಡನೆಯದಕ್ಕೆ ಆಟಗಾರನ ಮೈಗಟ್ಟು, ಮುಂದಿನ ಎದುರಾಳಿಗಳು, ಅದೃಷ್ಟ ಮತ್ತು ಮತ ಹಾಕುವವರ ಮನಸ್ಸು ಎಲ್ಲವನ್ನೂ ಊಹಿಸಬೇಕು. ನಾನು ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಜುಲೈ ಪುಟದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಮೊದಲ ಪ್ರಶ್ನೆಯ ಉತ್ತರವನ್ನೂ ಬಲಕ್ಕೆ ಎರಡನೆಯದರ ಉತ್ತರವನ್ನೂ ಬರೆಯುತ್ತೇನೆ. ಎರಡೂ ಕಡೆ ಒಂದೇ ಹೆಸರು ಬಂದ ವರ್ಷಗಳು ಕಡಿಮೆ.

ನಿಮ್ಮ ಮೂರು ಹೆಸರುಗಳನ್ನು ಇದೇ ರೀತಿ ಬಿಡಿಸಿ ನೋಡೋಣ. ಹಿಂಚ್ ಅವರಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ತಪ್ಪೇನೂ ಇಲ್ಲ. ವಿರಾಮದ ಹೊತ್ತಿಗೆ ಅವರ ಡೆಟ್ರಾಯಿಟ್ ಟೈಗರ್ಸ್ 59 ಗೆಲುವು ಪಡೆದು ಇಡೀ ಮೇಜರ್ ಲೀಗ್‌ನಲ್ಲೇ ಮುಂದಿತ್ತು. ಜುಲೈ ಮೊದಲ ಭಾಗದಲ್ಲಿ ಕ್ಲೀವ್‌ಲೆಂಡ್ ಗಾರ್ಡಿಯನ್ಸ್ ಆ ತಂಡಕ್ಕಿಂತ ಹದಿನೈದೂವರೆ ಪಂದ್ಯ ಹಿಂದಿತ್ತು. ಅಷ್ಟು ಹಿಂದೆ ಬಿದ್ದ ತಂಡವೊಂದು ತನ್ನ ವಿಭಾಗವನ್ನು (ಲೀಗ್‌ನೊಳಗಿನ ತಂಡಗಳ ಗುಂಪು) ಗೆದ್ದ ಉದಾಹರಣೆ ಮೇಜರ್ ಲೀಗ್ ಇತಿಹಾಸದಲ್ಲಿ ಅದುವರೆಗೆ ಇರಲಿಲ್ಲ. ಸೀಸನ್ ಮುಗಿದಾಗ ಕ್ಲೀವ್‌ಲೆಂಡ್ 88 ಗೆಲುವು, ಡೆಟ್ರಾಯಿಟ್ 87. ಪ್ರಶಸ್ತಿ ಸತತ ಎರಡನೆಯ ಬಾರಿ ಕ್ಲೀವ್‌ಲೆಂಡ್‌ನ ಸ್ಟೀಫನ್ ವೋಟ್ ಅವರಿಗೆ ಹೋಯಿತು. ಜುಲೈನಲ್ಲಿ ಇದನ್ನು ಬರೆದಿಟ್ಟವರಿದ್ದರೆ ಅವರಿಗೆ ಆಧಾರವೇನೂ ಇರಲಿಲ್ಲ, ಅಭಿಮಾನ ಮಾತ್ರ ಇತ್ತು.

ವಿಲ್ಸನ್ ಅವರದು ಬೇರೆ ಕಥೆ, ಅದೂ ನಿಮ್ಮದೇ ತಂಡದ ಒಳಗಿನದು. ಮೊದಲಾರ್ಧದಲ್ಲಿ ಅವರು .330ರ ಆಸುಪಾಸಿನಲ್ಲಿ ಹೊಡೆದರು, ಅಂದರೆ ನೂರು ಅವಕಾಶಗಳಲ್ಲಿ ಮೂವತ್ತಮೂರು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು). ಅಭಿಮಾನಿಗಳ ಮತದಿಂದ ಆಲ್‌ಸ್ಟಾರ್ ಪಂದ್ಯದ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್ ನಡುವಿನ ಫೀಲ್ಡರ್) ಸ್ಥಾನಕ್ಕೂ ಆಯ್ಕೆಯಾದರು. ಎಡ ಅಂಕಣದಲ್ಲಿ ಅವರ ಹೆಸರು ಸರಿಯಾಗಿಯೇ ಇದೆ. ಆದರೆ ಏಪ್ರಿಲ್ 23ರಂದು ಮೊದಲ ಪಂದ್ಯವಾಡಿದ ಅವರ ಜೊತೆಯಾಟಗಾರ ನಿಕ್ ಕರ್ಟ್ಜ್ ಅಷ್ಟರಲ್ಲಿ ಲಯ ಕಂಡುಕೊಂಡಿದ್ದರು. ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಅವರು ಆರು ಬಾರಿ ಬ್ಯಾಟ್ ಹಿಡಿದು ಆರು ಬಾರಿಯೂ ಹಿಟ್ ಪಡೆದರು, ಅದರಲ್ಲಿ ನಾಲ್ಕು ಹೋಮ್‌ರನ್ (ಎಲ್ಲ ಬೇಸ್ ಸುತ್ತಿ ರನ್ ತರುವ ಹೊಡೆತ). ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್‌ರನ್ ಹೊಡೆದ ಹೊಸಬ ಅದಕ್ಕೆ ಮೊದಲು ಒಬ್ಬನೂ ಇರಲಿಲ್ಲ. ಆ ರಾತ್ರಿಯ ಸ್ಕೋರ್ ಹಾಳೆಯಲ್ಲಿ ಅವರ ಸಾಲನ್ನು ಅಡ್ಡಕ್ಕೆ ಓದಿಕೊಂಡು ಹೋದರೆ ಖಾಲಿ ಚೌಕವೇ ಸಿಗುವುದಿಲ್ಲ; ಒಂದು ಸಿಂಗಲ್ (ಒಂದು ಬೇಸ್‌ನ ಹಿಟ್), ಒಂದು ಡಬಲ್ (ಎರಡು ಬೇಸ್‌ನದು), ಉಳಿದ ನಾಲ್ಕೂ ವಜ್ರಗಳು (ಬೇಸ್‌ಗಳ ಸುತ್ತನ್ನು ತೋರುವ ಚಿತ್ರಗಳು) ಪೂರ್ತಿ ತುಂಬಿವೆ. ಒಟ್ಟು 117 ಪಂದ್ಯಗಳಲ್ಲಿ 36 ಹೋಮ್‌ರನ್ ಹೊಡೆದು ಅವರು ಸರ್ವಾನುಮತದಿಂದ ಪ್ರಶಸ್ತಿ ಪಡೆದರು. ವಿಲ್ಸನ್ .311ಕ್ಕೆ ಮುಗಿಸಿದರು, ಅದು ಹೊಸಬನೊಬ್ಬನಿಗೆ ಸಣ್ಣ ಸಾಧನೆಯೇನಲ್ಲ.

ಇಲ್ಲಿ ಒಂದು ಲೆಕ್ಕವನ್ನು ನಿಮ್ಮ ಮುಂದಿಡಬೇಕು. ನಿಜವಾಗಿಯೂ .300ರ ಸಾಮರ್ಥ್ಯವುಳ್ಳ ಆಟಗಾರ ಜುಲೈವರೆಗೆ 300 ಬಾರಿ ಬ್ಯಾಟ್ ಮಾಡಿದರೆ 90 ಹಿಟ್ ನಿರೀಕ್ಷಿಸಬಹುದು. ಆದರೆ ಬರೀ ಆಕಸ್ಮಿಕದಿಂದ ಇದು ಎಂಟು ಹಿಟ್‌ನಷ್ಟು ಮೇಲೆ ಕೆಳಗೆ ಆಗುವುದು ತೀರಾ ಸಾಮಾನ್ಯ. 82 ಹಿಟ್ ಬಂದರೆ ಸರಾಸರಿ .273, 98 ಬಂದರೆ .327. ಮೂರು ತಿಂಗಳಲ್ಲಿ ಎಂಟು ಹಿಟ್ ಎಂದರೆ ಹನ್ನೊಂದು ಹನ್ನೆರಡು ದಿನಕ್ಕೊಮ್ಮೆ ಫೀಲ್ಡರ್‌ನ ಕೈಗವಸಿಗೆ ಸಿಗದೆ ಜಾರಿದ ಒಂದು ಚೆಂಡು. ಅಷ್ಟರಿಂದ ಒಬ್ಬ ಸಾಧಾರಣನಾಗಿಯೂ ಇನ್ನೊಬ್ಬ ತಾರೆಯಾಗಿಯೂ ಕಾಣುತ್ತಾನೆ. ಆದ್ದರಿಂದ ಬಲ ಅಂಕಣವನ್ನು ತುಂಬುವಾಗ ನಾನು ಸರಾಸರಿಗಿಂತ ಮೊದಲು ನೋಡುವುದು ಬೇಗ ಸ್ಥಿರವಾಗುವ ಅಂಶಗಳನ್ನು: ಎಷ್ಟು ಬಾರಿ ಸ್ಟ್ರೈಕ್‌ಔಟ್ ಆಗುತ್ತಾನೆ (ಮೂರು ಸ್ಟ್ರೈಕ್‌ಗೆ ಔಟ್), ಎಷ್ಟು ಬಾರಿ ವಾಕ್ ಪಡೆಯುತ್ತಾನೆ (ನಾಲ್ಕು ಕೆಟ್ಟ ಎಸೆತಗಳಿಗೆ ಮೊದಲ ಬೇಸ್), ಚೆಂಡಿಗೆ ಎಷ್ಟು ಬಲವಾಗಿ ಹೊಡೆಯುತ್ತಾನೆ. ಅದೇ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಷಿಕಾಗೊ ಕಬ್ಸ್‌ನ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ವಿರಾಮದ ಹೊತ್ತಿಗೆ 25 ಹೋಮ್‌ರನ್ ಹೊಡೆದು 27 ಬೇಸ್ ಕದ್ದು (ಹಿಟ್ ಇಲ್ಲದೆಯೇ ಮುಂದಿನ ಬೇಸ್‌ಗೆ ಓಡಿ) ಎಂವಿಪಿ ಮಾತಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ತಾರೆ ಶೋಹೆಯ್ ಒಹ್ತಾನಿಯ ಪಕ್ಕದಲ್ಲಿ ನಿಂತಿದ್ದರು. ಆದರೆ ಅವರು ವಾಕ್ ಪಡೆಯುವುದು ಬಹಳ ಕಡಿಮೆ, ಎಟುಕದ ಚೆಂಡಿಗೂ ಬ್ಯಾಟ್ ಬೀಸುತ್ತಾರೆ. ಅಂಥವರನ್ನು ಪಿಚರ್‌ಗಳು (ಚೆಂಡು ಎಸೆಯುವವರು) ಆಗಸ್ಟ್‌ನೊಳಗೆ ಅರಿತುಕೊಳ್ಳುತ್ತಾರೆ. ಉಳಿದ ಎರಡೂವರೆ ತಿಂಗಳಲ್ಲಿ ಅವರಿಂದ ಬಂದದ್ದು ಆರೇ ಹೋಮ್‌ರನ್.

ಇನ್ನು ರಾಲಿ. ಈ ಒಂದು ಹೆಸರಿನಲ್ಲಿ ನಾನು ನಿಮ್ಮ ಪಕ್ಷದವನು. ವಿರಾಮದ ವೇಳೆಗೆ ನ್ಯೂಯಾರ್ಕ್ ಯಾಂಕೀಸ್‌ನ ಆರನ್ ಜಡ್ಜ್ .355 ಸರಾಸರಿ, 35 ಹೋಮ್‌ರನ್; ಸಿಯಾಟಲ್‌ನ ರಾಲಿ 38 ಹೋಮ್‌ರನ್. ಎಡ ಅಂಕಣದಲ್ಲಿ ನಾನು ಜಡ್ಜ್ ಹೆಸರನ್ನೇ ಬರೆದಿದ್ದೆ, ಏಕೆಂದರೆ ಅಷ್ಟು ಸರಾಸರಿಯೊಂದಿಗೆ ಅಷ್ಟು ಬಲ ಇರುವ ಮೊದಲಾರ್ಧ ತೀರಾ ಅಪರೂಪ. ಬಲ ಅಂಕಣದಲ್ಲಿ ರಾಲಿಯನ್ನು ಬರೆದೆ. ಜಡ್ಜ್ ಜುಲೈ ಕೊನೆಗೆ ಮೊಣಕೈ ನೋವಿನಿಂದ ಕೆಲವು ದಿನ ಹೊರಗುಳಿದರು, ರಾಲಿ 60 ಹೋಮ್‌ರನ್ ಮುಟ್ಟಿದರು, ಸಿಯಾಟಲ್ 2001ರ ನಂತರ ಮೊದಲ ಬಾರಿ ತನ್ನ ವಿಭಾಗ ಗೆದ್ದಿತು. ಆದರೂ ಎಂವಿಪಿ ಜಡ್ಜ್‌ಗೇ ಹೋಯಿತು.

ಎಷ್ಟು ಅಂತರದಿಂದ ಎಂಬುದನ್ನು ನೋಡಿದರೆ ನಿಮಗೆ ಸಮಾಧಾನವಾದೀತು. ಈ ಪ್ರಶಸ್ತಿಗೆ ಮತ ಹಾಕುವವರು ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘದ ಸದಸ್ಯರು, ಲೀಗ್‌ನ ಪ್ರತಿ ತಂಡದ ಊರಿನಿಂದ ಇಬ್ಬರಂತೆ ಒಟ್ಟು 30 ಜನ. ಪ್ರತಿಯೊಬ್ಬರೂ ಹತ್ತು ಹೆಸರು ಕ್ರಮವಾಗಿ ಬರೆಯುತ್ತಾರೆ. ಮೊದಲ ಸ್ಥಾನಕ್ಕೆ 14 ಅಂಕ, ಎರಡನೆಯದಕ್ಕೆ 9, ಮೂರನೆಯದಕ್ಕೆ 8, ಹೀಗೆ ಇಳಿಯುತ್ತದೆ. ಜಡ್ಜ್‌ಗೆ 17 ಮೊದಲ ಸ್ಥಾನ, 13 ಎರಡನೆಯ ಸ್ಥಾನ, ಒಟ್ಟು 355. ರಾಲಿಗೆ 13 ಮೊದಲ ಸ್ಥಾನ, 17 ಎರಡನೆಯ ಸ್ಥಾನ, ಒಟ್ಟು 335. ಮೂವತ್ತು ಮಂದಿಯೂ ಮೊದಲೆರಡು ಸ್ಥಾನದಲ್ಲಿ ಈ ಇಬ್ಬರನ್ನೇ ಇಟ್ಟಿದ್ದರು. ಇಬ್ಬರು ಬರಹಗಾರರು ತಮ್ಮ ಮೊದಲ ಎರಡು ಸಾಲುಗಳನ್ನು ಅದಲುಬದಲು ಮಾಡಿದ್ದರೆ ಇಬ್ಬರೂ ಸಮ ಆಗುತ್ತಿದ್ದರು. ಇಂಥ ಕಡೆ ನಿಮ್ಮ ಊಹೆ ತಪ್ಪಿತು ಎನ್ನಲು ನನಗೆ ಮನಸ್ಸಿಲ್ಲ.

ನನಗೆ ಮತವಿದ್ದಿದ್ದರೆ ಅದು ರಾಲಿಗೇ. ಕ್ಯಾಚರ್ ಎಂದರೆ ಪ್ರತಿ ರಾತ್ರಿ ನೂರಮೂವತ್ತು ನೂರನಲವತ್ತು ಎಸೆತಗಳಿಗೆ ಕುಕ್ಕರಗಾಲಿನಲ್ಲಿ ಕೂರುವವನು, ಬ್ಯಾಟಿನ ಅಂಚಿಗೆ ತಾಗಿ ಬಂದ ಚೆಂಡನ್ನು ಮುಖಗವಸಿನ ಮೇಲೆ ತೆಗೆದುಕೊಳ್ಳುವವನು, ಮುಂದಿನ ಎಸೆತ ಯಾವುದಿರಬೇಕೆಂದು ಪಿಚರ್‌ನೊಡನೆ ಸೇರಿ ನಿರ್ಧರಿಸುವವನು. ಆಗಸ್ಟ್ ಬರುವಷ್ಟರಲ್ಲಿ ಬಹುತೇಕ ಕ್ಯಾಚರ್‌ಗಳ ಕಾಲು ಸೋತು ಬ್ಯಾಟ್ ಭಾರವಾಗುತ್ತದೆ. ಆ ಕೆಲಸವನ್ನೇ ಮುಖ್ಯವಾಗಿ ಮಾಡಿಕೊಂಡು 159 ಪಂದ್ಯ ಆಡಿದವನು ವಿರಾಮದ ನಂತರವೂ 22 ಹೋಮ್‌ರನ್ ಹೊಡೆದದ್ದನ್ನು ಅಂಕಿ ಅಂಶದ ಯಾವ ಸೂತ್ರವೂ ಪೂರ್ತಿ ತೂಗಿಲ್ಲ ಎಂದು ನಾನು ನಂಬುತ್ತೇನೆ.

ಹಾಗಾಗಿ ರೂಢಿ ಬಿಡಬೇಡಿ. ಮುಂದಿನ ಜುಲೈನಲ್ಲಿ ಪುಟದ ನಡುವೆ ಗೆರೆ ಎಳೆಯಿರಿ, ಪ್ರತಿ ಹೆಸರಿನ ಪಕ್ಕ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ನವೆಂಬರ್‌ನಲ್ಲಿ ನಿಮ್ಮ ಸ್ನೇಹಿತರು ಬರೆದ ಹೆಸರುಗಳಿಗಿಂತ ಆ ಕಾರಣಗಳನ್ನು ಹೋಲಿಸಿ ನೋಡುವುದರಲ್ಲಿ ಹೆಚ್ಚಿನ ರುಚಿಯಿದೆ.

ಪ್ರಶ್ನೆ: ಮೈಸೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಫೋನಿನಲ್ಲಿ ಪಂದ್ಯ ನೋಡುವ ಹೊಸ ಅಭಿಮಾನಿ ನಾನು. 2025ರ ಜುಲೈನಲ್ಲಿ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ ಅವರ ಲೆಕ್ಕದಲ್ಲಿ ನಾಲ್ಕು ಗೆಲುವು, ಎಂಟು ಸೋಲು ಇತ್ತು. ಆದರೂ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಗೆ ಅವರ ಹೆಸರೇ ಮೊದಲು ಕೇಳಿಬರುತ್ತಿತ್ತು. ಸೋತವರಿಗೆ ಪ್ರಶಸ್ತಿ ಹೇಗೆ?

ಉತ್ತರ: ಬೇಸ್‌ಬಾಲ್‌ನಲ್ಲಿ ಪಿಚರ್‌ನ ಹೆಸರಿಗೆ ಬರೆಯುವ ಗೆಲುವು, ಸೋಲು ಬಹುಪಾಲು ತಂಡದ ಲೆಕ್ಕ. ಪಂದ್ಯ ಆರಂಭಿಸಿದ ಪಿಚರ್ ಕನಿಷ್ಠ ಐದು ಇನಿಂಗ್ಸ್ ಎಸೆದು, ತಾನು ಹೊರನಡೆಯುವಾಗ ತಂಡ ಮುಂದಿದ್ದು, ಆ ಮುನ್ನಡೆ ಕೊನೆಯವರೆಗೂ ಉಳಿದರೆ ಮಾತ್ರ ಗೆಲುವು ಅವನದಾಗುತ್ತದೆ. ಏಳು ಇನಿಂಗ್ಸ್‌ನಲ್ಲಿ ಒಂದೇ ರನ್ ಕೊಟ್ಟರೂ, ತನ್ನ ಕಡೆಯ ಬ್ಯಾಟರ್‌ಗಳು ಒಂದೂ ಗಳಿಸದಿದ್ದರೆ ಸೋಲು ಅವನ ತಲೆಗೆ. ಆ ವರ್ಷ 91 ಪಂದ್ಯ ಸೋತ ತಂಡದಲ್ಲಿದ್ದ ಸ್ಕೀನ್ಸ್ ಇದನ್ನು ಮತ್ತೆ ಮತ್ತೆ ಅನುಭವಿಸಿದರು.

ಪಿಚರ್‌ನನ್ನು ಅಳೆಯಲು ಇಆರ್‌ಎ ನೋಡಿ. ಒಂಬತ್ತು ಇನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಸರಾಸರಿ ಎಷ್ಟು ರನ್ ಕೊಟ್ಟ ಎಂಬ ಲೆಕ್ಕ ಅದು. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಅದರಲ್ಲಿ ಸೇರುವುದಿಲ್ಲ. ವಿರಾಮದ ಹೊತ್ತಿಗೆ ಸ್ಕೀನ್ಸ್ ಅವರದು 2.01. ವರ್ಷದ ಕೊನೆಗೆ 1.97, ಸ್ಟ್ರೈಕ್‌ಔಟ್ 216, ಗೆಲುವು 10, ಸೋಲು 10, ಸೈ ಯಂಗ್ ಸರ್ವಾನುಮತ. ಇದಕ್ಕೆ ದಾರಿ ಮಾಡಿಕೊಟ್ಟವರು ಹಿಂದೆಯೂ ಇದ್ದರು. 2010ರಲ್ಲಿ ಸಿಯಾಟಲ್‌ನ ಫೆಲಿಕ್ಸ್ ಹೆರ್ನಾಂಡೆಜ್ 13 ಗೆಲುವು, 12 ಸೋಲಿನೊಂದಿಗೆ ಗೆದ್ದಾಗ ದೊಡ್ಡ ಚರ್ಚೆಯೇ ನಡೆಯಿತು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ 10 ಗೆಲುವು, 9 ಸೋಲು, 1.70 ಇಆರ್‌ಎಯೊಂದಿಗೆ ಗೆಲ್ಲುವಷ್ಟರಲ್ಲಿ ಆ ಚರ್ಚೆ ಹೆಚ್ಚುಕಡಿಮೆ ಮುಗಿದಿತ್ತು.

ಆದರೂ ಪಿಚರ್‌ಗಳ ವಿಷಯದಲ್ಲಿ ಜುಲೈನ ಊಹೆ ಬ್ಯಾಟರ್‌ಗಳದಕ್ಕಿಂತ ದುರ್ಬಲ ಎಂಬುದು ನನ್ನ ಅನುಭವ. ಭುಜ ಮತ್ತು ಮೊಣಕೈ ಯಾವ ದಿನ ಕೈಕೊಡುತ್ತವೆಂದು ಹೇಳಲಾಗದು. ಸ್ಕೀನ್ಸ್‌ಗೆ ನಿಜವಾದ ಪೈಪೋಟಿ ಕೊಡುತ್ತಿದ್ದ ಫಿಲಡೆಲ್ಫಿಯಾದ ಝಾಕ್ ವೀಲರ್ ಆಗಸ್ಟ್‌ನಲ್ಲಿ ಬಲಭುಜದ ಬಳಿ ರಕ್ತ ಹೆಪ್ಪುಗಟ್ಟಿ ಸೀಸನ್ನನ್ನೇ ಕಳೆದುಕೊಂಡರು. ಅದಕ್ಕೆ ವಿರುದ್ಧ ದಿಕ್ಕಿನ ಅಚ್ಚರಿಯೂ ಉಂಟು. 2015ರ ವಿರಾಮದಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಝಾಕ್ ಗ್ರೈಂಕಿ ಅವರ ಇಆರ್‌ಎ 1.39 ಇತ್ತು, ಪ್ರಶಸ್ತಿ ಅವರದೇ ಎಂದು ಎಲ್ಲರಿಗೂ ತೋರುತ್ತಿತ್ತು. ಷಿಕಾಗೊ ಕಬ್ಸ್‌ನ ಜೇಕ್ ಅರಿಯೆಟಾ ವಿರಾಮದ ನಂತರದ ಪಂದ್ಯಗಳಲ್ಲಿ 0.75 ಇಆರ್‌ಎಯೊಂದಿಗೆ ಎಸೆದು ಅದನ್ನು ಕಸಿದುಕೊಂಡರು. ಇಡೀ ವರ್ಷದ ಲೆಕ್ಕದಲ್ಲಿ ಗ್ರೈಂಕಿ 1.66, ಅರಿಯೆಟಾ 1.77. ಅಂಕಿಗಳಷ್ಟೇ ಮಾತನಾಡಿದ್ದರೆ ಗ್ರೈಂಕಿ ಗೆಲ್ಲಬಹುದಿತ್ತು. ಸೆಪ್ಟೆಂಬರ್‌ನಲ್ಲಿ ನೋಡಿದ ಆಟ ಮತ ಹಾಕುವವರ ಮನಸ್ಸಿನಲ್ಲಿ ಏಪ್ರಿಲ್‌ಗಿಂತ ಹಸಿಯಾಗಿರುತ್ತದೆ. ಪ್ಲೇಆಫ್ (ಸೀಸನ್ ನಂತರದ ನಾಕೌಟ್ ಹಂತ) ಆರಂಭವಾಗುವ ಮುನ್ನ ಮತಗಳು ಸಲ್ಲಿಕೆಯಾಗಿಬಿಡುವುದರಿಂದ ಅಕ್ಟೋಬರ್‌ನ ಆಟಕ್ಕೆ ಇಲ್ಲಿ ಬೆಲೆಯಿಲ್ಲ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ಜುಲೈ ಕೊನೆಯೊಳಗೆ ಒಬ್ಬ ಆಟಗಾರ ಒಂದು ಲೀಗ್‌ನಿಂದ ಇನ್ನೊಂದಕ್ಕೆ ಮಾರಾಟವಾದರೆ ಅವನ ಮೊದಲಾರ್ಧದ ಆಟಕ್ಕೆ ಏನಾಗುತ್ತದೆ?

ಉತ್ತರ: ಪ್ರಶಸ್ತಿಗಳು ಲೀಗ್‌ವಾರು ಬೇರೆಯಾದ್ದರಿಂದ ಆಯಾ ಲೀಗ್‌ನಲ್ಲಿ ಆಡಿದ ಆಟಕ್ಕೆ ಮಾತ್ರ ಆಯಾ ಪ್ರಶಸ್ತಿಯಲ್ಲಿ ಲೆಕ್ಕ. ಇದರಿಂದ ಹೆಚ್ಚಿನವರಿಗೆ ನಷ್ಟವೇ. 2008ರಲ್ಲಿ ಕ್ಲೀವ್‌ಲೆಂಡ್‌ನಿಂದ ಮಿಲ್ವಾಕಿಗೆ ಜುಲೈನಲ್ಲಿ ಬಂದ ಸಿ.ಸಿ. ಸಬಾಥಿಯಾ 11 ಗೆಲುವು, 2 ಸೋಲು, 1.65 ಇಆರ್‌ಎಯೊಂದಿಗೆ ಎಸೆದರೂ ನ್ಯಾಷನಲ್ ಲೀಗ್‌ನ ಸೈ ಯಂಗ್ ಸ್ಯಾನ್ ಫ್ರಾನ್ಸಿಸ್ಕೊದ ಟಿಮ್ ಲಿನ್ಸ್‌ಕಮ್ ಪಾಲಾಯಿತು. ಲಾಭವಾದವರು ರಿಕ್ ಸಟ್‌ಕ್ಲಿಫ್: 1984ರ ಜೂನ್‌ವರೆಗೆ ಕ್ಲೀವ್‌ಲೆಂಡ್‌ನಲ್ಲಿ 4 ಗೆಲುವು, 5 ಸೋಲಿನ ಸಾಧಾರಣ ಪಿಚರ್ ಆಗಿದ್ದವರು, ಷಿಕಾಗೊ ಕಬ್ಸ್‌ಗೆ ಬಂದ ಮೇಲೆ 16 ಗೆಲುವು, 1 ಸೋಲು, ನ್ಯಾಷನಲ್ ಲೀಗ್‌ನ ಸೈ ಯಂಗ್ ಸರ್ವಾನುಮತದಿಂದ ಅವರದಾಯಿತು. ಆ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ಅವರು ಆ ಲೀಗ್‌ನಲ್ಲೇ ಇರಲಿಲ್ಲ.